ಕಾಕಾನ ಮೋಟಾರ್ ಚಾನೆಲ್: ಹಿಂಗಾರಿ ಹೊತ್ತಿನ ಲೆಕ್ಕ

ಗದಗದಲ್ಲಿ ನಮ್ಮ ಕಾಕಾ ಅವರದು ಮೋಟಾರ್ ರಿವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವುದು. ಅವರು ಮಾತಾಡುತ್ತಾರೆ, ನಾನು ಮೊಬೈಲ್‌ನಲ್ಲಿ ಶೂಟ್ ಮಾಡಿ ಯೂಟ್ಯೂಬ್‌ಗೆ ಹಾಕುತ್ತೇನೆ. ಜಾಹೀರಾತಿಗೆ ಒಂದು ಪೈಸೆ ಹಾಕದೆ ಎಷ್ಟು ಜನ ಬರುತ್ತಾರೆ, ನೋಡೋಣ ಅಂತ ಶುರು ಮಾಡಿದ್ದು.

ಸದ್ಯಕ್ಕೆ ಓಡುತ್ತಿರುವುದು ಒಂದೇ ವಿಡಿಯೋ. ಸಿಂಗಲ್ ಫೇಸ್ ಬೋರ್‌ವೆಲ್ ಪಂಪಿನ ಸ್ಟಾರ್ಟಿಂಗ್ ಕೆಪಾಸಿಟರ್, ಅಂದರೆ ಮೋಟಾರ್ ತಿರುಗಲು ಮೊದಲ ತಳ್ಳು ಕೊಡುವ ಭಾಗ, ಬದಲಿಸುವುದು. ಅದಕ್ಕೆ ‘ಮೋಟಾರ್ ಗುಂಯ್ ಅಂತೈತಿ, ತಿರಗವಲ್ದು’ ಅಂತ ಹೆಸರಿಟ್ಟ ಮೇಲೆ ಸರ್ಚ್‌ನಿಂದ ಬರುವವರು ಜಾಸ್ತಿಯಾದರು. ಕೆಟ್ಟಿದ್ದು ಕೆಪಾಸಿಟರ್ ಅಂತ ಗೊತ್ತಿದ್ದವನು ಸೀದಾ ಅಂಗಡಿಗೆ ಹೋಗಿ ಕೊಳ್ಳುತ್ತಾನೆ, ವಿಡಿಯೋ ಯಾಕೆ ಹುಡುಕುತ್ತಾನೆ, ಅಲ್ವಾ? ಮಳೆಗಾಲವೆಲ್ಲ ಸುಮ್ನೆ ಬಿದ್ದ ಪಂಪುಗಳನ್ನು ಈಗ ಹಿಂಗಾರಿಗೆ ಚಾಲೂ ಮಾಡುತ್ತಿದ್ದಾರೆ. ಆ ಅನುಕೂಲವೂ ನಮಗೆ ಆಗಿದೆ.

ಯೂಟ್ಯೂಬ್ ಸ್ಟುಡಿಯೋದಲ್ಲಿ ನಾನು ದಿನಾ ನೋಡುವುದು ರಿಟೆನ್ಶನ್ ಗ್ರಾಫ್. ಜನ ಎಲ್ಲಿ ಬಿಟ್ಟು ಹೋದರು ಅಂತ ಅದು ತೋರಿಸುತ್ತದೆ. ಅಂಗಡಿ ಬೋರ್ಡು, ಮ್ಯೂಸಿಕ್ಕು ಬರುವಲ್ಲಿ ಗೆರೆ ಧಡ್ ಅಂತ ಇಳಿಯುತ್ತದೆ. ಹಾಗಾಗಿ ಈಗ ಮೊದಲು ಕೇಳಿಸುವುದೇ ಮೋಟಾರಿನ ಗುಂಯ್ ಸದ್ದು. ಕಾಕಾ ಒಪ್ಪಲಿಲ್ಲ. “ಮಂದಿಗೆ ನಮಸ್ಕಾರ ಹೇಳಲಾರದ ಹೆಂಗ ಮಾತಾಡ್ಲೋ?” ಕೊನೆಗೆ ರಾಜಿ ಆಯಿತು: ಮೊದಲು ಸದ್ದು, ಆಮೇಲೆ ನಮಸ್ಕಾರ.

ಒಂದು ಕಡೆ ಮಾತ್ರ ಗೆರೆ ಮೇಲೇಳುತ್ತದೆ. ಅಂದರೆ ಜನ ಹಿಂದಕ್ಕೆ ಎಳೆದು ಮತ್ತೆ ನೋಡುತ್ತಿದ್ದಾರೆ. ಅಲ್ಲಿ ಕಾಕಾ ಲೈನ್ ಬಂದ್ ಮಾಡಿ, ಸ್ಟಾರ್ಟರ್ ಡಬ್ಬಿಯ ಮುಚ್ಚಳ ತೆಗೆದು, ಹೋಲ್ಡರ್‌ಗೆ ಸಿಕ್ಕಿಸಿದ 100 ವ್ಯಾಟಿನ ಬಲ್ಬಿನ ಎರಡು ವೈರನ್ನು ಕೆಪಾಸಿಟರ್ ಟರ್ಮಿನಲ್‌ಗೆ ಮುಟ್ಟಿಸುತ್ತಾರೆ. ಬಲ್ಬು ಒಂದು ಸಲ ಮಿಂಚಿ ಆರುತ್ತದೆ. “ಲೈನ್ ತೆಗೆದ್ರೂ ಇದರಾಗ ಚಾರ್ಜ್ ಇರ್ತೈತ್ರಿ, ಹಂಗ ಕೈ ಹಚ್ಚಬ್ಯಾಡ್ರಿ.” ಥಂಬ್‌ನೇಲ್‌ಗೂ, ಅಂದರೆ ವಿಡಿಯೋ ಒತ್ತುವ ಮೊದಲು ಕಾಣುವ ಚಿತ್ರಕ್ಕೂ, ಆ ಬಲ್ಬನ್ನೇ ಹಾಕಿದೆ. ಯೂಟ್ಯೂಬ್‌ನಲ್ಲಿ ಮೂರು ಥಂಬ್‌ನೇಲ್‌ವರೆಗೆ ಹಾಕಿ ಪರೀಕ್ಷೆ ಮಾಡಲು ಬಿಡುತ್ತಾರೆ. ಕ್ಲಿಕ್ಕಿನ ಲೆಕ್ಕವಲ್ಲ, ಎಷ್ಟು ಹೊತ್ತು ನೋಡಿದರು ಎನ್ನುವುದರ ಮೇಲೆ ಗೆದ್ದದ್ದನ್ನು ಆರಿಸುತ್ತಾರೆ. ಕಾಕಾ ಮುಖದ ಫೋಟೋ ಸೋತಿದೆ, ಅವರಿಗೆ ಇನ್ನೂ ಹೇಳಿಲ್ಲ.

ಯೂಟ್ಯೂಬ್‌ನ ಸಣ್ಣ ವಿಡಿಯೋ, ಅಂದರೆ ಶಾರ್ಟ್ಸ್ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ವ್ಯೂಸ್ ಬರುತ್ತವೆ, ಆದರೆ ಹೆಬ್ಬೆರಳು ಸರಿಸುತ್ತಾ ಬಂದವನು ಹಾಗೇ ಹೋಗುತ್ತಾನೆ. 2023ರ ಆಗಸ್ಟ್‌ನಿಂದ ಶಾರ್ಟ್ಸ್‌ನ ವಿವರಣೆ, ಕಾಮೆಂಟಿನಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದೂ ಇಲ್ಲ. ‘ರಿಲೇಟೆಡ್ ವಿಡಿಯೋ’ ಅಂತ ದೊಡ್ಡ ವಿಡಿಯೋವನ್ನು ಜೋಡಿಸುವ ದಾರಿ ಇದೆ, ಅಷ್ಟೇ ಬಳಸುತ್ತೇನೆ.

ಯೂಟ್ಯೂಬ್‌ನಿಂದ ಜಾಹೀರಾತಿನ ದುಡ್ಡು ಬರಲು 1000 ಸಬ್‌ಸ್ಕ್ರೈಬರ್ಸ್, 12 ತಿಂಗಳಲ್ಲಿ 4000 ಗಂಟೆ ವಾಚ್ ಟೈಮ್ ಬೇಕು. ನಾವು ಇನ್ನೂ ದೂರ ಇದ್ದೇವೆ. ಆದರೆ ಮುಂಡರಗಿ, ರೋಣದ ಕಡೆಯಿಂದ ಸುಟ್ಟ ಮೋಟಾರ್ ಹೇರಿಕೊಂಡು ‘ವಿಡಿಯೋ ನೋಡಿ ಬಂದ್ವಿ’ ಅನ್ನುವವರು ಬರುತ್ತಿದ್ದಾರೆ. ಅವರ ಒಂದು ರಿವೈಂಡಿಂಗ್ ಬಿಲ್ಲೇ ನನಗೆ ದೊಡ್ಡದು.

ಕಾಮೆಂಟಿನಲ್ಲಿ ಹಲವರು ಕೇಳಿದ್ದು: ಲೈನ್ ರಿಪೇರಿ ಆದ ಮೇಲೆ ತ್ರೀ ಫೇಸ್ ಪಂಪ್ ಓಡುತ್ತದೆ, ನೀರು ಮಾತ್ರ ಸಣ್ಣಗೆ ಬರುತ್ತದೆ. ಹೆಚ್ಚಾಗಿ ಮೋಟಾರ್ ಉಲ್ಟಾ ತಿರುಗುತ್ತಿರುತ್ತದೆ, ಮೂರರಲ್ಲಿ ಯಾವುದಾದರೂ ಎರಡು ಫೇಸ್ ಅದಲುಬದಲು ಮಾಡಿದರೆ ಸರಿ. ಮುಂದಿನ ವಿಡಿಯೋ ಅದೇ. ಹೆಸರು ‘ಪಂಪ್ ಓಡ್ತೈತಿ, ನೀರು ಬರವಲ್ದು’. ಬಾಜೂ ವೆಲ್ಡಿಂಗ್ ಅಂಗಡಿ ಅಮಾವಾಸ್ಯೆಗೆ ಬಂದ್ ಇರುತ್ತದೆ, ಆವತ್ತೇ ಶೂಟಿಂಗ್.