ಸೋಜಿ

ನಾನು ಓದಿದ ಶಾಲೆಯ ಮ್ಯಾಗಜೀನ್‌ನ ಈ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಮೇಷ್ಟ್ರು ಫೋನ್ ಮಾಡಿದಾಗ, "ನಿಮ್ಮ ಜಪಾನ್ ಪ್ರವಾಸದ ಬಗ್ಗೆ ಬರೀರಿ, ಮಕ್ಕಳಿಗೆ ಖುಷಿಯಾಗುತ್ತೆ" ಅಂದರು. 2009ರಲ್ಲಿ ಅಲ್ಲಿಂದ ಬಂದ ಮರುವಾರವೇ ನಾನು ಬೆಳಗಿನ ಪ್ರಾರ್ಥನೆಯಲ್ಲಿ ನಿಂತು ಅದರ ಬಗ್ಗೆ ಮಾತಾಡಿದ್ದೆ. ಬುಲೆಟ್ ರೈಲಿನ ಕತೆ ಹೇಳಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಆದರೆ ಮುಖ್ಯವಾದ ಒಂದು ಮಾತನ್ನು ನಾಚಿಕೆಯಿಂದ ನುಂಗಿಕೊಂಡಿದ್ದೆ. ಅದನ್ನು ಈಗ ಬರೆಯುತ್ತೇನೆ.

ನಾನು ಹೋಗಿದ್ದು ಜಪಾನ್ ಸರ್ಕಾರದ 'ಜೆನೆಸಿಸ್' ಎಂಬ ಯೋಜನೆಯಲ್ಲಿ. 2007ರ ಜನವರಿಯಲ್ಲಿ ಫಿಲಿಪೀನ್ಸ್‌ನ ಸೆಬುವಿನಲ್ಲಿ ನಡೆದ ಪೂರ್ವ ಏಷ್ಯಾ ಶೃಂಗಸಭೆಯಲ್ಲಿ ಅದನ್ನು ಘೋಷಿಸಿದ್ದರು. ಐದು ವರ್ಷ ಕಾಲ, ವರ್ಷಕ್ಕೆ ಸುಮಾರು 6,000 ಯುವಜನರನ್ನು ಕರೆಸಿಕೊಳ್ಳುವ ಯೋಜನೆ. ಭಾರತದ ಶಾಲಾ ಮಕ್ಕಳಿಗೂ ಅದರಲ್ಲಿ ಜಾಗ ಇತ್ತು. ಹತ್ತು ದಿನದ ಪ್ರವಾಸ. ಒಂದೆರಡು ದಿನ ಒಂದು ಮನೆಯಲ್ಲಿ ಮನೆಮಗನ ಹಾಗೆ ಇರಬೇಕು, ಒಂದು ದಿನ ಅಲ್ಲಿನ ಮಕ್ಕಳ ಜೊತೆ ಶಾಲೆಯಲ್ಲಿ ಕೂರಬೇಕು. ದಾವಣಗೆರೆ ಬಿಟ್ಟು ಬೆಂಗಳೂರಿಗೆ ಎರಡೇ ಸಲ ಹೋಗಿದ್ದ ನನಗೆ ವಿಮಾನ, ಹಿಮ, ಹಶಿ ಕಡ್ಡಿಯಲ್ಲಿ ಅನ್ನ ತಿನ್ನುವುದು, ಎಲ್ಲವೂ ಹೊಸದೇ. ಅವುಗಳ ಬಗ್ಗೆ ಬರೆಯುತ್ತಾ ಕೂರುವುದಿಲ್ಲ.

ಶಾಲೆಯ ಆ ಒಂದು ದಿನದ ಬಗ್ಗೆ ಹೇಳಬೇಕು.

ಅದು ನಾಗಾನೊ ಪ್ರಾಂತ್ಯದ ಒಂದು ಹೈಸ್ಕೂಲು. ಬಾಗಿಲಲ್ಲೇ ಶೂ ಬಿಚ್ಚಿ ಗೂಡಿನಲ್ಲಿಟ್ಟು, ಒಳಗೆ ಹಾಕಿಕೊಳ್ಳುವ ಬೇರೆ ಚಪ್ಪಲಿ ಹಾಕಿಕೊಂಡೆವು. ಗಣಿತ, ಇಂಗ್ಲಿಷ್, ಊಟ, ಮತ್ತೆ ಕ್ಲಾಸು. ಕೊನೆಯ ಬೆಲ್ ಹೊಡೆಯಿತು. ನಾನು ಬ್ಯಾಗ್ ಎತ್ತಿಕೊಂಡೆ. ಪಕ್ಕದಲ್ಲಿದ್ದ ಹುಡುಗ ಎದ್ದವನೇ ತನ್ನ ಕುರ್ಚಿಯನ್ನು ಮೇಜಿನ ಮೇಲೆ ತಲೆಕೆಳಗೆ ಇಟ್ಟು, ಮೇಜನ್ನು ಹಿಂದಕ್ಕೆ ತಳ್ಳಿದ. ಎಲ್ಲರೂ ಹಾಗೇ ಮಾಡಿದರು. "ಸೋಜಿ" ಅಂದ ಅವನು. ನನಗೆ 'ಸೋಜಿಗ' ಅಂತ ಕೇಳಿಸಿತು. ಸೋಜಿ ಅಂದರೆ ಕಸ ಗುಡಿಸಿ ಒರೆಸುವುದು, ಸ್ವಚ್ಛ ಮಾಡುವುದು. ಸ್ಪೀಕರಿನಲ್ಲಿ ಹಾಡು ಶುರುವಾಯಿತು. ಹಾಡು ಮುಗಿಯುವುದರೊಳಗೆ ಕೆಲಸ ಮುಗಿಯಬೇಕು.

ಅವತ್ತು ಆ ಹುಡುಗನ ಗುಂಪಿನ ಪಾಳಿ ಟಾಯ್ಲೆಟ್‌ಗೆ ಬಂದಿತ್ತು. ನಾನು ಅತಿಥಿ, ಬರದಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೂ ಹಿಂದೆ ಹೋದೆ. ಕೈಗೆ ಗ್ಲೌಸ್ ಕೊಟ್ಟರು, ಬ್ರಷ್ ಕೊಟ್ಟರು. ಬ್ರಷ್ ಹಿಡಿದು ಸುಮ್ನೆ ನಿಂತುಬಿಟ್ಟೆ. ಹದಿನಾರು ವರ್ಷ ಆಗಿತ್ತು ನನಗೆ. ಅಲ್ಲಿಯವರೆಗೆ ಒಂದು ಸಲವೂ ಟಾಯ್ಲೆಟ್ ತೊಳೆದವನಲ್ಲ. ನಮ್ಮ ಮನೆಯದನ್ನೂ ತೊಳೆದಿರಲಿಲ್ಲ. ಆ ಹುಡುಗ ನಗಲಿಲ್ಲ. ಎಲ್ಲಿಂದ ಶುರು ಮಾಡಬೇಕು ಅಂತ ಕೈ ಮಾಡಿ ತೋರಿಸಿದ, ಅಷ್ಟೇ. ಅವನ ಅಪ್ಪ ಡಾಕ್ಟರ್ ಅಂತ ಆಮೇಲೆ ಗೊತ್ತಾಯಿತು.

ನೀರು ಹಾಕಿ ಉಜ್ಜುತ್ತಿದ್ದಾಗ ನೆನಪಾಗಿದ್ದು ನಮ್ಮ ಶಾಲೆಯ ಆಯಾ. ಬೆಳಿಗ್ಗೆ ನಾವು ಬರುವಷ್ಟರಲ್ಲಿ ಇಡೀ ಕಾರಿಡಾರ್ ಒರೆಸಿ ಮುಗಿಸಿರುತ್ತಿದ್ದರು. ಟಾಯ್ಲೆಟ್‌ಗಳೂ ಅವರೊಬ್ಬರದೇ ಕೆಲಸ. ಒದ್ದೆ ನೆಲದ ಮೇಲೆ ನಾವು ಶೂ ಹಾಕಿಕೊಂಡು ಓಡುತ್ತಿದ್ದೆವು. "ಏ ಆಯಾ, ಇಲ್ಲಿ ಗಲೀಜಾಗಿದೆ ಬಾ" ಅಂತ ಏಕವಚನದಲ್ಲಿ ಕರೆಯುತ್ತಿದ್ದೆವು. ನನ್ನ ತಾಯಿಗಿಂತ ಹಿರಿಯರು ಅವರು. ಐದನೇ ಕ್ಲಾಸಿನಿಂದ ದಿನಾ ನೋಡಿದ್ದೆ. ಹೆಸರು ಗೊತ್ತಿರಲಿಲ್ಲ.

ನಾನು ಚಪ್ಪಾಳೆಯ ಮುಂದೆ ಹೇಳದೇ ಬಿಟ್ಟಿದ್ದು ಇದನ್ನೇ. ಹೇಳಿದರೆ ಎಲ್ಲರೂ ನಗುತ್ತಾರೆ ಅನ್ನಿಸಿತ್ತು.

ಮನೆಯಲ್ಲಿ ಮಾತ್ರ ಹೇಳಿದೆ. ಒಂದು ಭಾನುವಾರ ಬ್ರಷ್ ತೆಗೆದುಕೊಂಡು ಬಚ್ಚಲಿಗೆ ಹೋದೆ. "ಗಂಡು ಹುಡುಗ ನೀನು, ಇಡು ಅದನ್ನ" ಅಂತ ಅಜ್ಜಿ ಬೈದರು. ಅಮ್ಮ ಬಾಗಿಲಲ್ಲೇ ನಿಂತು ನೋಡಿದರು, ಏನೂ ಅನ್ನಲಿಲ್ಲ. ಅವತ್ತಿನಿಂದ ಅದು ನನ್ನ ಕೆಲಸ. ಈಗ ನನ್ನ ಮಗನಿಗೂ ಪಾಳಿ ಇದೆ.

ಜಪಾನ್ ದೊಡ್ಡದು, ನಾವು ಸಣ್ಣವರು ಅಂತ ಹೇಳುತ್ತಿಲ್ಲ. ಹಾಗೆ ತಿಳಿದುಕೊಂಡಿದ್ದ ಕಾಲವೂ ಇತ್ತು. ಆಮೇಲೆ ಓದಿದೆ, ಅಲ್ಲೂ ಬುರಾಕುಮಿನ್ ಅನ್ನುವ ಜನ ಇದ್ದಾರೆ. ಅವರ ಹಿರಿಯರು ಚರ್ಮದ ಕೆಲಸ, ಸತ್ತ ಪ್ರಾಣಿಗಳ ಕೆಲಸ ಮಾಡುತ್ತಿದ್ದರು ಅನ್ನುವ ಕಾರಣಕ್ಕೆ ಊರಾಚೆ ಇಟ್ಟಿದ್ದರು. 1871ರಲ್ಲಿ ಸರ್ಕಾರ ಆ ಪದ್ಧತಿಯನ್ನು ಕಾನೂನಿನಿಂದ ತೆಗೆದುಹಾಕಿತು. ಆದರೂ ಮದುವೆಯ ಮಾತು ಬಂದಾಗ, ಕೆಲಸ ಕೇಳಿದಾಗ ಹಳೆಯ ಊರು-ಕೇರಿ ಕೆದಕುವುದು ಎಷ್ಟೋ ಕಾಲ ನಿಲ್ಲಲಿಲ್ಲ. ಇದನ್ನು ಓದಿದ ದಿನ ಬೇಜಾರಾಯಿತು. ಜೊತೆಗೆ ಆ ದೇಶ ಇನ್ನೂ ಹತ್ತಿರ ಆಯಿತು.

ಇನ್ನೊಂದು ಮಾತು. ಮಕ್ಕಳ ಕೈಗೆ ಕಸಬರಿಗೆ ಕೊಟ್ಟರೆ ಸಾಕು, ಎಲ್ಲ ಸರಿಹೋಗುತ್ತೆ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ಸುದ್ದಿ ಓದಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಲ್ಲೂ ಮಕ್ಕಳೇ, ಶಾಲೆಯೇ. ಆದರೆ ನಾಗಾನೊದಲ್ಲಿ ಡಾಕ್ಟರ ಮಗನಿಗೂ ಪಾಳಿ ಬರುತ್ತಿತ್ತು. ಯಾರನ್ನೂ ಆರಿಸಿ ಕಳಿಸುತ್ತಿರಲಿಲ್ಲ. ಪಾಳಿ ಎಲ್ಲರಿಗೂ ಬಂದರೆ ಮಾತ್ರ ಅದು ಪಾಠ, ಅಲ್ವಾ?

ಜಪಾನಿನಿಂದ ಬಂದ ಮೇಲೆ ಒಂದು ಸಂಜೆ ಆಯಾ ಅವರನ್ನು ಹುಡುಕಿಕೊಂಡು ಹೋಗಿದ್ದೆ. ನೀರಿನ ಟ್ಯಾಂಕಿನ ಹತ್ತಿರ ಬಕೆಟ್ ತೊಳೆಯುತ್ತಿದ್ದರು. ಮೊದಲ ಸಲ ಬಹುವಚನದಲ್ಲಿ ಮಾತಾಡಿಸಿದೆ, ಹೆಸರು ಕೇಳಿದೆ. ಹೇಳಿದರು. ಅಲ್ಲಿನ ಶಾಲೆಯಲ್ಲಿ ಮಕ್ಕಳೇ ಎಲ್ಲ ತೊಳೀತಾರೆ ಅಂತ ಹೇಳಿದೆ. ಸಂತೋಷಪಡುತ್ತಾರೆ ಅಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಂಗಾದ್ರೆ ನಮ್ಮಂಥೋರಿಗೆ ಅಲ್ಲಿ ಏನು ಕೆಲಸ ಕೊಡ್ತಾರಪ್ಪಾ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸರಿಯಾದ ಉತ್ತರ ಇವತ್ತಿಗೂ ಸಿಕ್ಕಿಲ್ಲ. ಆದರೆ ನಾನು ಮುಂದೆ ಕಾರ್ಮಿಕ ಕಾನೂನು ಓದಿದ್ದು, ಈಗ ಗುತ್ತಿಗೆ ಪೌರಕಾರ್ಮಿಕರ ಸಂಬಳ, ಪಿಎಫ್ ಕೇಸುಗಳನ್ನು ನಡೆಸುತ್ತಿರುವುದು ಆ ಪ್ರಶ್ನೆಯಿಂದಲೇ.

ಹೋದ ತಿಂಗಳು ಅವರ ಮನೆಗೆ ಹೋಗಿದ್ದೆ. ಕೆಲಸ ಬಿಟ್ಟು ಆರು ವರ್ಷ ಆಗಿದೆ, ಮಂಡಿ ನೋವು ಜಾಸ್ತಿಯಾಗಿದೆ. ಮ್ಯಾಗಜೀನ್‌ಗೆ ಬರೀತಿದೀನಿ, ನಿಮ್ಮ ಹೆಸರು ಹಾಕ್ತೀನಿ ಅಂದೆ. ಬೇಡ ಅಂದರು.

"ಹೆಸರು ಹಾಕಿದ್ರೆ ಅಲ್ಲಿ ಓದಿದೋರಿಗೆ ಯಾರಂತ ಗೊತ್ತಾಗಲ್ಲಪ್ಪ. ಆಯಾ ಅಂತಾನೇ ಬರಿ."