ತೂಕ ಕೇಳಬೇಕಾದದ್ದು ಯಾವ ಮಾತ್ರೆಗೆ?

ದಪ್ಪಗಿರುವವರಿಗೆ ಗರ್ಭನಿರೋಧಕ ಮಾತ್ರೆ ನಾಟುವುದಿಲ್ಲ ಎಂಬ ಮಾತು ಒಪಿಡಿಯಲ್ಲಿ ಸಲೀಸಾಗಿ ಓಡಾಡುತ್ತದೆ. ಸ್ಟಾಫ್ ಕೂಡ ಅದನ್ನೇ ಹೇಳಿ ಕಳಿಸುತ್ತಾರೆ. ಅದರಿಂದ ಏನಾಗುತ್ತದೆ ಎನ್ನುವುದಕ್ಕೆ ಎಎನ್‌ಸಿ (ಗರ್ಭಿಣಿಯರ ತಪಾಸಣೆ) ದಿನದ ಗಲಾಟೆಯ ನಡುವೆ ಬಂದ ಈ ಕೇಸ್ ನೋಡಿ.

ಎರಡು ಮಕ್ಕಳ ತಾಯಿ. 158 ಸೆಂ.ಮೀ. ಎತ್ತರ, 84 ಕೆ.ಜಿ. ತೂಕ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 33.6. ಶನಿವಾರ ರಾತ್ರಿ ಕಾಂಡೋಮ್ ಹರಿದಿದೆ, ಸೋಮವಾರ ಬೆಳಿಗ್ಗೆ ಬಂದಿದ್ದಾರೆ. ಕೌಂಟರಿನಲ್ಲಿ ಎಮರ್ಜೆನ್ಸಿ ಮಾತ್ರೆ ಈಜಿ ಪಿಲ್ ಕೊಟ್ಟು ರಿಜಿಸ್ಟರಿಗೆ ಸಹಿ ಹಾಕಿಸಿಕೊಂಡೂ ಆಗಿತ್ತು. "ಮಾಲಾ-ಎನ್ ದಿನದ ಮಾತ್ರೆ ತಗೊಳ್ತಿದ್ರಲ್ಲಮ್ಮ, ಯಾಕೆ ಬಿಟ್ರಿ?" ಎಂದು ಕೇಳಿದರೆ, "ನಿನ್ ತೂಕಕ್ಕೆ ಅದು ಹಿಡಿಯಲ್ಲ ಅಂದ್ರು ಸಿಸ್ಟರ್, ನಿಲ್ಲಿಸ್ಬಿಟ್ಟೆ" ಎಂದರು.

ಪೂರ್ತಿ ಉಲ್ಟಾ. ಕೆಲಸ ಮಾಡುತ್ತಿದ್ದ ಮಾತ್ರೆಯನ್ನು ಬಿಡಿಸಿ, ಅವರ ತೂಕಕ್ಕೆ ಭರವಸೆ ಇಡಲಾಗದ ಮಾತ್ರೆಯನ್ನು ಕೈಗೆ ಕೊಟ್ಟಿದ್ದೇವೆ.

ಈಜಿ ಪಿಲ್‌ನಲ್ಲಿರುವುದು ಲೆವೊನಾರ್ಜೆಸ್ಟ್ರೆಲ್ 1.5 ಮಿ.ಗ್ರಾಂ, ಒಂದೇ ಡೋಸ್. ಅಂಡ ಬಿಡುಗಡೆಯಾಗುವ ಮೊದಲೇ ಅದನ್ನು ತಡೆದು ಮುಂದೂಡುವಷ್ಟು ಮಟ್ಟ ರಕ್ತದಲ್ಲಿ ಬೇಗ ಏರಬೇಕು. ಬೊಜ್ಜಿರುವವರಲ್ಲಿ ಆ ಗರಿಷ್ಠ ಮಟ್ಟ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. 2013ರಲ್ಲಿ ಇದೇ ಔಷಧದ ಯುರೋಪಿನ ನಾರ್ಲೆವೊ ಮಾತ್ರೆಯ ಮಾಹಿತಿ ಚೀಟಿಯಲ್ಲಿ 75 ಕೆ.ಜಿ. ದಾಟಿದರೆ ಪರಿಣಾಮ ಕಡಿಮೆ, 80 ದಾಟಿದರೆ ಇಲ್ಲವೇ ಇಲ್ಲ ಎಂದು ಬರೆದಿದ್ದರು. 2014ರಲ್ಲಿ ಯುರೋಪಿನ ಔಷಧ ಸಂಸ್ಥೆ ಅಷ್ಟು ಖಚಿತವಾಗಿ ಹೇಳಲು ಪುರಾವೆ ಸಾಲದು ಎಂದು ಅದನ್ನು ತೆಗೆಸಿತು. ಆದರೂ ಬ್ರಿಟನ್ನಿನ ಮಾರ್ಗಸೂಚಿ ಇಂದಿಗೂ 70 ಕೆ.ಜಿ. ಅಥವಾ ಬಿಎಂಐ 26 ದಾಟಿದವರ ವಿಷಯದಲ್ಲಿ ಎಚ್ಚರಿಸುತ್ತದೆ. ಎರಡು ಮಾತ್ರೆ ಒಟ್ಟಿಗೆ ಕೊಡುವ ರೂಢಿಯೂ ಇದೆ. ಆದರೆ 2022ರ ಅಮೆರಿಕದ ಅಧ್ಯಯನದಲ್ಲಿ ಡೋಸ್ ಇಮ್ಮಡಿ ಮಾಡಿದ್ದರಿಂದ ಅಂಡ ಬಿಡುಗಡೆ ಹೆಚ್ಚು ಮುಂದಕ್ಕೆ ಹೋಗಲಿಲ್ಲ.

ತೂಕದ ಹಂಗಿಲ್ಲದ್ದು ವಂಕಿ (ಗರ್ಭಕೋಶದೊಳಗೆ ಹಾಕುವ ಕಾಪರ್-ಟಿ). ಐದು ದಿನದೊಳಗೆ ಕಾಪರ್-ಟಿ ಹಾಕಿದರೆ ಎಮರ್ಜೆನ್ಸಿ ವಿಧಾನಗಳಲ್ಲೆಲ್ಲ ಅದೇ ಗಟ್ಟಿ. ಈ ತಾಯಿಗೆ ಗುರುವಾರ ರಾತ್ರಿವರೆಗೆ ಸಮಯವಿತ್ತು. ಆದರೆ ಅವರು ಚೀಟಿ ಮಡಚಿಕೊಂಡು ಆಗಲೇ ಗೇಟಿನ ಕಡೆ ಹೊರಟಿದ್ದರು. ಆಯಮ್ಮ ಓಡಿಹೋಗಿ ಕರೆತಂದರು. ಯುಪಿಟಿ (ಮೂತ್ರದ ಗರ್ಭ ಪರೀಕ್ಷೆ) ನೆಗೆಟಿವ್, ಬಿಳಿಮುಟ್ಟು ಇಲ್ಲ, ಹೊಟ್ಟೆನೋವಿಲ್ಲ. ಆಪರೇಷನ್ ಥಿಯೇಟರಿನಲ್ಲಿದ್ದ ಮೇಡಂ ಹೊರಬರುವವರೆಗೆ ಒಂದು ಗಂಟೆ ಕೂರಿಸಿ, ಈ ತಾಯಿ ಒಪ್ಪಿದ ಮೇಲೆ ಹಾಕಿದ್ದಾಯಿತು. ವಂಕಿ ಹಾಕುವವರು ಆ ದಿನ ಸಿಗದಿದ್ದರೆ ಮಾತ್ರೆಯನ್ನು ಅಲ್ಲೇ ನುಂಗಿಸಿ, ಐದು ದಿನದೊಳಗಿನ ದಿನಾಂಕ ಬರೆದುಕೊಡಿ. ವಂಕಿ ಬೇಡವೇ ಬೇಡ ಅಂದವರಿಗೂ ಮಾತ್ರೆ ಕೊಡಲೇಬೇಕು. ಮೂರು ವಾರದಲ್ಲಿ ಮುಟ್ಟಾಗದಿದ್ದರೆ ಯುಪಿಟಿಗೆ ಬನ್ನಿ ಎಂದೂ ಹೇಳಿ.

ನಮ್ಮ ವಿತರಣಾ ರಿಜಿಸ್ಟರಿನಲ್ಲಿ ಗಂಡನ ಹೆಸರಿಗೆ ಕಾಲಂ ಇದೆ, ತೂಕಕ್ಕಿಲ್ಲ. ತೂಕದ ಯಂತ್ರ ಎಎನ್‌ಸಿ ರೂಮಿನಿಂದ ಆಚೆ ಬರುವುದೇ ಇಲ್ಲ. ಇಂಡೆಂಟ್ (ಬೇಡಿಕೆ ಪತ್ರ) ಹಾಕಿ ಹಾಕಿ ಸಾಕಾಗಿದೆ.

ದಿನದ ಮಾತ್ರೆಯ ಲೆಕ್ಕವೇ ಬೇರೆ. ಮಾಲಾ-ಎನ್‌ನಲ್ಲಿ 21 ಹಾರ್ಮೋನ್ ಮಾತ್ರೆ, 7 ಕಬ್ಬಿಣದ ಮಾತ್ರೆ. ದಿನಾ ನುಂಗಿದರೆ ಹಾರ್ಮೋನ್ ಮಟ್ಟ ನಿಲ್ಲುತ್ತದೆ. ತೂಕದಿಂದಾಗಿ ಮಾತ್ರೆ ಸೋಲುತ್ತದೆ ಎನ್ನಲು ಅಧ್ಯಯನಗಳನ್ನೆಲ್ಲ ಒಟ್ಟಿಟ್ಟು ನೋಡಿದರೂ ಬಲವಾದ ಆಧಾರ ಸಿಗುವುದಿಲ್ಲ. ಸೋಲುವುದು ಹೆಚ್ಚಾಗಿ ಸ್ಟ್ರಿಪ್ ಬದಲಾಗುವಾಗ. ಬೊಜ್ಜಿರುವವರಲ್ಲಿ ಔಷಧದ ಮಟ್ಟ ಮತ್ತೆ ಸ್ಥಿರವಾಗಲು ಐದು ದಿನದ ಬದಲು ಹತ್ತು ದಿನದಷ್ಟು ಬೇಕಾಗುತ್ತದೆ. ಹೊಸ ಸ್ಟ್ರಿಪ್ ಎರಡು ದಿನ ತಡವಾದರೆ ಹಾರ್ಮೋನಿಲ್ಲದ ಏಳು ದಿನ ಒಂಬತ್ತಾಗುತ್ತದೆ, ಅಂಡಾಶಯ ಎಚ್ಚರಗೊಳ್ಳುತ್ತದೆ. ಹಾಗಾಗಿ ಎರಡನೇ ಸ್ಟ್ರಿಪ್ ಮೊದಲೇ ಕೈಗೆ ಕೊಡಿ. ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ ಎನ್ನಬೇಡಿ. ಎರಡು ಅಥವಾ ಹೆಚ್ಚು ಮಾತ್ರೆ ತಪ್ಪಿದರೆ ಏಳು ದಿನ ಕಾಂಡೋಮ್.

ದಪ್ಪಗಿರುವವರಿಗೆ ಮಾಲಾ-ಎನ್ ಕೊಡುವಾಗ ನಿಜವಾಗಿ ನೋಡಬೇಕಾದ್ದು ರಕ್ತ ಹೆಪ್ಪುಗಟ್ಟುವ ಅಪಾಯ. ಬಿಪಿ 140/90 ಮುಟ್ಟಿದ್ದರೆ, ಕಾಲಿನಲ್ಲೋ ಶ್ವಾಸಕೋಶದಲ್ಲೋ ಹಿಂದೆ ಹೆಪ್ಪುಗಟ್ಟಿದ್ದರೆ, ಕಣ್ಣು ಮಂಜಾಗಿ ಬರುವ ಅರೆತಲೆನೋವಿದ್ದರೆ ಬೇಡ. ಇವ್ಯಾವೂ ಇಲ್ಲದಿದ್ದರೆ ಬಿಎಂಐ 30 ದಾಟಿದ ಮಾತ್ರಕ್ಕೆ ನಿರಾಕರಿಸಬೇಕಿಲ್ಲ ಎಂದೇ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಹೇಳುತ್ತದೆ. ಒಂದು ಕಾಲು ಮಾತ್ರ ಊದಿ ನೋವು ಬಂದರೆ, ಏದುಸಿರು ಹತ್ತಿದರೆ ತಕ್ಷಣ ಬರುವಂತೆ ಹೇಳಿ ಕಳಿಸಿ.

ಈಗ ಇನ್ನೊಂದು ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲೇಬೇಕು: "ತೂಕ ಇಳಿಸೋಕೆ ಇಂಜೆಕ್ಷನ್ ತಗೊಳ್ತಿದ್ದೀರಾ?" 2025ರ ಮಾರ್ಚ್‌ನಲ್ಲಿ ಮೌಂಜಾರೊ ನಮ್ಮಲ್ಲಿ ಮಾರಾಟಕ್ಕೆ ಬಂತು. ಅದರ ಟಿರ್ಜೆಪಟೈಡ್ ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುವುದರಿಂದ ಮಾತ್ರೆ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಶುರು ಮಾಡಿದ ಮೇಲೆ ನಾಲ್ಕು ವಾರ, ಪ್ರತಿ ಸಲ ಡೋಸ್ ಏರಿಸಿದ ಮೇಲೆ ಮತ್ತೆ ನಾಲ್ಕು ವಾರ ಕಾಂಡೋಮ್ ಬಳಸಬೇಕು, ಇಲ್ಲವೇ ವಂಕಿಗೋ ಗರ್ಭನಿರೋಧಕ ಅಂತರಾ ಇಂಜೆಕ್ಷನ್‌ಗೋ ಬದಲಾಗಬೇಕು. ಬೈಪಾಸ್ ಮಾದರಿಯ ಬೊಜ್ಜಿನ ಆಪರೇಷನ್ ಆದವರಿಗೂ ನುಂಗುವ ಮಾತ್ರೆ ಬೇಡ; ಕರುಳು ಅದನ್ನು ಸರಿಯಾಗಿ ಹೀರುವುದಿಲ್ಲ.