ಚಿಕ್ಕಪ್ಪನ ‘ಸೋಮಾರಿತನ’

ನಮ್ಮ ಚಿಕ್ಕಪ್ಪನಿಗೆ ಸ್ಕಿಜೋಫ್ರೇನಿಯಾ ಇರುವುದು ಮನೆಯವರೆಲ್ಲರಿಗೂ ಗೊತ್ತು. ಆದರೆ ಅವರ ಯಾವ ನಡವಳಿಕೆಯನ್ನು ಕಾಯಿಲೆಯ ಲೆಕ್ಕಕ್ಕೆ ಹಾಕಬೇಕು ಎಂಬಲ್ಲಿ ನಮ್ಮವರು ತಮಗರಿವಿಲ್ಲದೆಯೇ ಒಂದು ಗೆರೆ ಎಳೆದುಕೊಂಡಿದ್ದಾರೆ. ಯಾರೂ ಇಲ್ಲದಾಗ ಧ್ವನಿ ಕೇಳಿಸುವುದು, ಪಕ್ಕದ ಮನೆಯವರು ಮದ್ದು ಹಾಕಿದ್ದಾರೆಂದು ಅನ್ನದ ತಟ್ಟೆಯನ್ನು ತಳ್ಳುವುದು, ರಾತ್ರಿಯಿಡೀ ಅಂಗಳದಲ್ಲಿ ತಿರುಗುವುದು ಕಾಯಿಲೆ. ಮಾತ್ರೆಯಿಂದ ಅವೆಲ್ಲ ತಗ್ಗಿದ ಮೇಲೂ ಉಳಿದುಕೊಂಡದ್ದು, ಅಂದರೆ ಸ್ನಾನಕ್ಕೆ ಏಳದಿರುವುದು, ಹತ್ತು ಮಾತಿಗೆ ಒಂದು ಉತ್ತರ ಕೊಡುವುದು, ಅಡಿಕೆ ಸುಲಿಯಲು ಕುಳಿತವರು ಅರ್ಧಕ್ಕೇ ಎದ್ದುಹೋಗಿ ಮಲಗುವುದು ಸೋಮಾರಿತನ. “ಊಟಕ್ಕೆ ಸರಿಯಾಗಿ ಬರುತ್ತಾನಲ್ಲ, ಕೆಲಸಕ್ಕೆ ಮಾತ್ರ ಕಾಯಿಲೆಯೇ?” ಎಂಬುದು ದೊಡ್ಡಪ್ಪನ ಪ್ರಶ್ನೆ.

ಉತ್ಸಾಹ, ಮಾತು, ಮುಖದ ಭಾವ ಬತ್ತಿಹೋಗುವುದೂ ಇದೇ ಕಾಯಿಲೆಯ ಲಕ್ಷಣ. ಧ್ವನಿಗಳನ್ನು ಅಡಗಿಸುವ ಮಾತ್ರೆಗಳು ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಕೆಲವು ಮಾತ್ರೆಗಳ ಮಂಪರು ಇದನ್ನು ಹೆಚ್ಚಿಸುವುದೂ ಉಂಟು.

ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜವಿಜ್ಞಾನಿ 1950ರ ದಶಕದಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದ ರೋಗಿಗಳನ್ನು ಗಮನಿಸಿದಾಗ, ತಂದೆತಾಯಿ ಅಥವಾ ಹೆಂಡತಿಯ ಬಳಿಗೆ ಮರಳಿದವರ ಸ್ಥಿತಿ ಬಾಡಿಗೆ ಕೋಣೆಗಳಲ್ಲಿ ಉಳಿದವರಿಗಿಂತ ಕೆಟ್ಟಿತ್ತು. ಮನೆಯವರ ಟೀಕೆ, ಹಗೆ ಮತ್ತು ಮಿತಿಮೀರಿದ ಕಾಳಜಿ ಕಾಯಿಲೆ ಮರುಕಳಿಸುವ ಸಾಧ್ಯತೆಯನ್ನು ಹೆಚ್ಚಿಸುತ್ತವೆಂದು ಮುಂದಿನ ಅಧ್ಯಯನಗಳು ತೋರಿಸಿದವು. ಕಾಯಿಲೆ ಹುಟ್ಟುವುದೇ ಮನೆಯವರಿಂದ ಎಂಬ ಅರ್ಥ ಇದಕ್ಕಿಲ್ಲ. ಆದರೆ ಮಿತಿಮೀರಿದ ಕಾಳಜಿಯೂ ಆ ಪಟ್ಟಿಯಲ್ಲಿರುವುದನ್ನು ನಮ್ಮ ಅಜ್ಜಿಗೆ ಒಪ್ಪಿಸುವವರು ಯಾರು? ಐವತ್ತು ದಾಟಿದ ಮಗನಿಗೆ ಅವರು ಇಂದಿಗೂ ಅನ್ನ ಕಲಸಿಯೇ ಕೊಡುತ್ತಾರೆ. 1980ರ ದಶಕದಲ್ಲಿ ಚಂಡೀಗಢದಲ್ಲಿ ನಡೆದ ಅಧ್ಯಯನದಲ್ಲಿ ಹೀಗೆ ಟೀಕೆ, ಹಗೆ ಅಥವಾ ಅತಿ ಕಾಳಜಿ ತೋರುವ ಸಂಬಂಧಿಕರು ಲಂಡನ್ನಿಗಿಂತ ಕಡಿಮೆಯಿದ್ದರು. ಅದನ್ನು ಹಿಡಿದು ಕೂಡುಕುಟುಂಬವನ್ನು ಹೊಗಳುವವರಿದ್ದಾರೆ. ನನಗೆ ಪೂರ್ತಿ ನಂಬಿಕೆಯಿಲ್ಲ. ಹೊರೆ ಹೊರಲು ಹತ್ತು ಜನರಿರುವ ಮನೆಯಲ್ಲಿ ಆಡಿಕೊಳ್ಳಲೂ ಹತ್ತು ಜನರಿರುತ್ತಾರೆ.

ಹೋದ ವರ್ಷ ಅತ್ತೆಯ ಮಗಳ ಲಗ್ನಪತ್ರಿಕೆಯಲ್ಲಿ ಸೋದರಮಾವಂದಿರ ಸಾಲಿನಿಂದ ಚಿಕ್ಕಪ್ಪನ ಹೆಸರನ್ನು ಬಿಟ್ಟರು. ಗಂಡಿನ ಕಡೆಯವರು ವಿಚಾರಿಸಿದರೆ ಎಂಬ ಅಂಜಿಕೆ. ಪತ್ರಿಕೆಯನ್ನು ಓದಿದ ಚಿಕ್ಕಪ್ಪ ಏನೂ ಹೇಳದಿದ್ದುದರಿಂದ ಅವರಿಗೆ ಬೇಸರವಾಗಿಲ್ಲವೆಂದು ಎಲ್ಲರೂ ತೀರ್ಮಾನಿಸಿಬಿಟ್ಟರು!

ಮಾನಸಿಕ ಆರೋಗ್ಯ ರಕ್ಷಣೆಯ 2017ರ ಕಾಯ್ದೆಯು, ಚಿಕಿತ್ಸೆಯ ತೀರ್ಮಾನಗಳಲ್ಲಿ ನೆರವಾಗುವ ಪ್ರತಿನಿಧಿಯನ್ನು ಹೆಸರಿಸುವ ಹಕ್ಕನ್ನು ರೋಗಿಗೇ ಕೊಟ್ಟಿದೆ. ಆಸ್ಪತ್ರೆಯಲ್ಲಿ ಕೇಳಿದಾಗ ಚಿಕ್ಕಪ್ಪ, ಇಷ್ಟು ವರ್ಷ ಮಾತ್ರೆಯ ಖರ್ಚು ಹೊತ್ತ ದೊಡ್ಡಪ್ಪನನ್ನು ಬಿಟ್ಟು ನನ್ನ ಅಮ್ಮನ ಹೆಸರನ್ನು ಬರೆಸಿದರು. “ಅತ್ತಿಗೆ ಬೈಯುವುದಿಲ್ಲ” ಎಂದಷ್ಟೇ ಕಾರಣ ಕೊಟ್ಟರು. ದೊಡ್ಡಪ್ಪ ಇನ್ನೂ ಮುನಿಸಿಕೊಂಡಿದ್ದಾರೆ.